ಒಲಿಂಪಿಕ್ಸ್ ನಡೆಸ್ತೀವಿ ಅಂತ ಹೊರಟ ಊರುಗಳು ಮಧ್ಯದಲ್ಲೇ ಯಾಕೆ ಕೈಬಿಡುತ್ತವೆ?

ದುಡ್ಡು, ಹೆಸರು ಎರಡೂ ಇರೋ ಊರುಗಳೇ ಒಲಿಂಪಿಕ್ಸ್ ನಡೆಸೋ ಅರ್ಜಿ, ಅಂದರೆ ಬಿಡ್‌ನಿಂದ ಹಿಂದೆ ಸರಿಯೋದು ಯಾಕೆ ಅಂತ ಕೇಳಿದ್ದೀರಿ. 2015ರಲ್ಲಿ ನಾನು ಬಾಸ್ಟನ್‌ನಲ್ಲಿದ್ದೆ. ಅಲ್ಲಿ ಇದು ಶುರುವಾಗಿ ಮುಗಿದಿದ್ದು ನನ್ನ ಕಣ್ಣೆದುರಿಗೇ, ಏಳು ತಿಂಗಳೊಳಗೆ.

ಆ ವರ್ಷ ಜನವರಿ 8ಕ್ಕೆ ಅಮೆರಿಕದ ಒಲಿಂಪಿಕ್ ಸಮಿತಿ 2024ರ ಕೂಟಕ್ಕೆ ತನ್ನ ಕಡೆಯಿಂದ ಬಾಸ್ಟನ್ ಅನ್ನು ಆರಿಸಿತು. ಲಾಸ್ ಏಂಜಲೀಸ್ ಕೂಡ ಕಣದಲ್ಲಿತ್ತು, ಅದನ್ನೂ ಬಿಟ್ಟು. ನನಗಂತೂ ತುಂಬಾ ಖುಷಿಯಾಗಿತ್ತು.

ಆಮೇಲೆ ಹಿಮ ಬಿತ್ತು. ಆ ಚಳಿಗಾಲದಲ್ಲಿ 100 ಇಂಚಿಗೂ ಜಾಸ್ತಿ, ದಾಖಲೆ ಅದು. ಫೆಬ್ರವರಿಯಲ್ಲಿ ರೈಲುಗಳನ್ನೇ ನಿಲ್ಲಿಸಿಬಿಟ್ಟರು. ಒಂದು ಬೆಳಿಗ್ಗೆ ಸೊಂಟದೆತ್ತರ ಹಿಮದ ಗುಡ್ಡೆ ಪಕ್ಕ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಆಸ್ಪತ್ರೆ ಕೆಲಸಕ್ಕೆ ಹೊರಟಿದ್ದ ಒಬ್ಬ ಹೆಂಗಸು, ಬೂಟಿನ ಹಿಮ ಕೊಡವಿಕೊಳ್ತಾ, "ನನ್ನನ್ನ ಡ್ಯೂಟಿಗೆ ತಲುಪಿಸೋಕೆ ಇವರ ಹತ್ತಿರ ದುಡ್ಡಿಲ್ಲ, ಒಲಿಂಪಿಕ್ಸ್‌ಗೆ ಎಲ್ಲಿಂದ ಬರುತ್ತೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗಿನಿಂದ ಊರಲ್ಲಿ ಎಲ್ಲಿ ಹೋದರೂ ಇದೇ ಮಾತು. ಡಬ್ಲ್ಯುಬಿಯುಆರ್ ರೇಡಿಯೋದ ಸಮೀಕ್ಷೆಯಲ್ಲಿ ಜನವರಿಯಲ್ಲಿ 51% ಇದ್ದ ಬೆಂಬಲ ಮಾರ್ಚ್ ಹೊತ್ತಿಗೆ 36%ಗೆ ಇಳಿದಿತ್ತು.

ಆದರೆ ಹಿಮ ಬರೀ ನೆಪ. ಅಸಲಿ ವಿಷಯ ಜಾಮೀನಿನದು. ಒಲಿಂಪಿಕ್ಸ್ ಪಡೆಯುವ ಊರು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಖರ್ಚು ಲೆಕ್ಕ ಮೀರಿದರೆ ಆ ಹೊರೆ ಹೊರೋದು ಊರೇ, ಅಂತರರಾಷ್ಟ್ರೀಯ ಸಮಿತಿ ಅಲ್ಲ. ಸಾಲ ಮಾಡೋರು ಯಾರೋ, ಜಾಮೀನು ನಿಲ್ಲೋರು ನಾವು, ಅಲ್ವಾ? ಮಾಂಟ್ರಿಯಲ್ 1976ರ ಕೂಟದ ಸಾಲ ತೀರಿಸಿ ಮುಗಿಸಿದ್ದು 2006ರಲ್ಲಿ. ಬಾಸ್ಟನ್‌ನವರಿಗೆ ಮಾಂಟ್ರಿಯಲ್ ಕಥೆ ಹೇಳೋದೂ ಬೇಕಿರಲಿಲ್ಲ. ಊರಿನ ಅಡಿಯಲ್ಲಿ ಹೆದ್ದಾರಿ ತೋಡಿದ 'ಬಿಗ್ ಡಿಗ್' ಶುರುವಿನಲ್ಲಿ ಸುಮಾರು 280 ಕೋಟಿ ಡಾಲರ್ ಅಂದಿದ್ದು, ಮುಗಿಯುವಾಗ 1,400 ಕೋಟಿ ದಾಟಿತ್ತು. ಆ ಸುರಂಗದಲ್ಲಿ ದಿನಾ ಓಡಾಡೋ ಜನ "ತೆರಿಗೆ ದುಡ್ಡು ಮುಟ್ಟಲ್ಲ" ಅನ್ನೋ ಬಿಡ್‌ನವರ ಮಾತನ್ನ ಹೇಗೆ ನಂಬ್ತಾರೆ ಹೇಳಿ.

ಅದರ ಮೇಲೆ ಬಿಡ್‌ನವರು ಪೂರ್ತಿ ದಾಖಲೆಯನ್ನ ಜನರ ಮುಂದೆ ಇಡಲಿಲ್ಲ. ನಗರ ಪಾಲಿಕೆ ಸದಸ್ಯರು ಕಾನೂನಿನ ಬೆದರಿಕೆ ಹಾಕಿದ ಮೇಲೆ ಜುಲೈನಲ್ಲಿ ಹೊರಬಂತು. ನನ್ನ ಪ್ರಕಾರ ಅವರು ಸೋತಿದ್ದು ಇಲ್ಲೇ. ಖರ್ಚು ಜಾಸ್ತಿ ಅಂದಿದ್ದರೂ ಕೆಲವರು ಒಪ್ಪುತ್ತಿದ್ದರು, ಮುಚ್ಚಿಟ್ಟಿದ್ದನ್ನು ಯಾರೂ ಒಪ್ಪಲಿಲ್ಲ. ಜುಲೈ 27ರ ಬೆಳಿಗ್ಗೆ ಮೇಯರ್ ಮಾರ್ಟಿ ವಾಲ್ಶ್, ತೆರಿಗೆದಾರರನ್ನ ಅಪಾಯಕ್ಕೆ ಒಡ್ಡುವ ಆ ಗ್ಯಾರಂಟಿಗೆ ಈಗ ಸಹಿ ಹಾಕಲ್ಲ ಅಂದರು. ಅವತ್ತೇ ಬಿಡ್ ಮುಗಿಯಿತು.

ಎಲ್ಲಾ ಊರೂ ಹೀಗೇ ಬೀಳುತ್ತವೆ ಅಂತಲ್ಲ. 2016ರ ಕೂಟಕ್ಕೆ ಷಿಕಾಗೊ ಕೊನೆವರೆಗೂ ಹೋಯಿತು, ಒಬಾಮಾ ಖುದ್ದಾಗಿ ಕೋಪನ್‌ಹೇಗನ್‌ಗೆ ಹೋಗಿ ಕೇಳಿಕೊಂಡರೂ ಮೊದಲ ಸುತ್ತಿನಲ್ಲೇ ಬಿತ್ತು. ಅದು ಸಮಿತಿಯ ಒಳಗಿನ ಮತದ ಲೆಕ್ಕಾಚಾರ. ಆದರೆ ಈಚೆಗೆ ಜಾಸ್ತಿ ಆಗೋದು ಮನೆಯಲ್ಲೇ ಸೋಲೋದು. ಹ್ಯಾಂಬರ್ಗ್‌ನಲ್ಲಿ 2024ರ ಕೂಟದ ಬಗ್ಗೆಯೇ ಜನಮತ ಕೇಳಿದರು, 51.6% ಬೇಡ ಅಂದರು. ಬುಡಾಪೆಸ್ಟ್‌ನಲ್ಲಿ ಯುವಕರು 2.66 ಲಕ್ಷ ಸಹಿ ಸಂಗ್ರಹಿಸಿದರು, 2017ರಲ್ಲಿ ಬಿಡ್ ವಾಪಸ್. ಕೊನೆಗೆ ಪ್ಯಾರಿಸ್, ಬಾಸ್ಟನ್ ಜಾಗಕ್ಕೆ ಬಂದಿದ್ದ ಲಾಸ್ ಏಂಜಲೀಸ್ ಎರಡೇ ಉಳಿದವು. ಒಂದಕ್ಕೆ 2024, ಇನ್ನೊಂದಕ್ಕೆ 2028 ಅಂತ ಒಟ್ಟಿಗೇ ಕೊಟ್ಟುಬಿಟ್ಟರು.

ನಮ್ಮ ದೇಶವೂ 2036ಕ್ಕೆ ಕೇಳ್ತಾ ಇದೆ, ಅಹಮದಾಬಾದ್ ಹೆಸರು ಮುಂದಿದೆ. ನಮ್ಮಲ್ಲಿ ಒಲಿಂಪಿಕ್ಸ್ ನಡೀಬೇಕು ಅನ್ನೋ ಆಸೆ ನನಗೂ ಇದೆ. ಆದರೆ ಸ್ಟೇಡಿಯಂ ಚಿತ್ರ ನೋಡೋ ಮೊದಲು ಆ ಜಾಮೀನು ಪತ್ರ ನೋಡಬೇಕು ನನಗೆ. ಯಾರು ಸಹಿ ಹಾಕ್ತಾರೆ, ಯಾವ ಖಜಾನೆಯಿಂದ ತುಂಬ್ತಾರೆ ಅನ್ನೋದನ್ನ ಮೊದಲೇ ಕನ್ನಡದಲ್ಲೂ ಗುಜರಾತಿಯಲ್ಲೂ ಓದೋಕೆ ಸಿಗೋ ಹಾಗೆ ಹಾಕಲಿ.