ಹಳೆಯ ಮೋಟೊಕ್ರಾಸ್ ಮಾತ್ರ ನೋಡಬೇಕೆ? ನಾನು ಹಾಗೆಂದುಕೊಂಡು ಹದಿನೆಂಟು ವರ್ಷ ಕಳೆದುಕೊಂಡೆ

“ಟು-ಸ್ಟ್ರೋಕ್ ಗಾಡಿಗಳು ಹೋದ ಮೇಲೆ ಮೋಟೊಕ್ರಾಸ್‌ನಲ್ಲಿ ಜೀವವಿಲ್ಲ ಎಂದು ಹಿರಿಯ ಅಭಿಮಾನಿಗಳು ಹೇಳುತ್ತಾರೆ. ಈಗಿನ ರೇಸ್‌ಗಳನ್ನು ಬಿಟ್ಟು ಹಳೆಯವನ್ನೇ ನೋಡಲೇ?” ಎಂದು ಕೇಳಿದ್ದೀರಿ. ಮೋಟೊಕ್ರಾಸ್ ಎಂದರೆ ಮಣ್ಣಿನ ಹಾದಿಯ ಬೈಕ್ ರೇಸ್. ಟು-ಸ್ಟ್ರೋಕ್ ಎಂದರೆ ಹಿಂದಿನ ಆರ್‌ಎಕ್ಸ್ 100ರಂಥ ಗಾಡಿಯ ಎಂಜಿನ್, ಆಮೇಲೆ ಅದರ ಜಾಗಕ್ಕೆ ಬಂದದ್ದು ಫೋರ್-ಸ್ಟ್ರೋಕ್. ಹಾಗೆ ಹೇಳುತ್ತಿದ್ದ ಹಿರಿಯರಲ್ಲಿ ನಾನೂ ಒಬ್ಬ. 2004ರ ಸೆಪ್ಟೆಂಬರಿನಲ್ಲಿ ನೋಡುವುದನ್ನು ನಿಲ್ಲಿಸಿದೆ. ಮತ್ತೆ ಮನಸ್ಸಿಟ್ಟು ಒಂದು ರೇಸ್ ನೋಡಿದ್ದು 2023ರಲ್ಲಿ. ನಡುವೆ ಏನು ಕಳೆದುಹೋಯಿತು ಎಂಬುದನ್ನು ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನಿಸಿ.

ನನಗೆ ಈ ಹುಚ್ಚು ಹಿಡಿದದ್ದು 1996ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿದ್ದ ಚಿಕ್ಕಪ್ಪನ ಮಗ ಊರಿಗೆ ಬಂದಾಗ ಸೂಪರ್‌ಕ್ರಾಸ್ ರೇಸ್‌ಗಳನ್ನು ರೆಕಾರ್ಡ್ ಮಾಡಿದ ಮೂರು ಕ್ಯಾಸೆಟ್ ತಂದುಕೊಟ್ಟ. ಸೂಪರ್‌ಕ್ರಾಸ್ ಎಂದರೆ ಕ್ರೀಡಾಂಗಣದೊಳಗೆ ಲಾರಿಗಟ್ಟಲೆ ಮಣ್ಣು ಸುರಿದು ಕಟ್ಟುವ ಟ್ರ್ಯಾಕ್. ಮೋಟೊಕ್ರಾಸ್ ಎಂದರೆ ಬಯಲು, ಗುಡ್ಡ, ಮರಳು, ಕೆಸರು. ಅಮೆರಿಕದ ಕ್ಯಾಸೆಟ್ಟಿನ ಪದ್ಧತಿಯೇ ಬೇರೆ, ರಾಜಾಜಿನಗರದ ನಮ್ಮ ಮನೆಯ ವಿಸಿಆರ್‌ನದೇ ಬೇರೆ. ಬಣ್ಣವೆಲ್ಲ ಹೋಗಿ ಕಪ್ಪುಬಿಳುಪು ಚಿತ್ರ ಬರುತ್ತಿತ್ತು, ಅದೂ ಗೆರೆ ಗೆರೆಯಾಗಿ. ಕೆಂಪು ಹೋಂಡಾ ಯಾವುದು, ಹಳದಿ ಸುಜುಕಿ ಯಾವುದು ಎಂದು ಗುರುತಿಸಲಾಗುತ್ತಿರಲಿಲ್ಲ. ಶಬ್ದ ಮಾತ್ರ ಸ್ಪಷ್ಟವಾಗಿತ್ತು. 250 ಸಿಸಿ ಟು-ಸ್ಟ್ರೋಕ್ ಎಂಜಿನ್ ಕ್ಲಚ್ ಬಿಟ್ಟ ಕೂಡಲೇ ಹೊರಡಿಸುವ ಆ ಚೂಪು ಕೂಗು, ಅಂಥ ಇಪ್ಪತ್ತು ಗಾಡಿಗಳು ಒಟ್ಟಿಗೆ ಮೊದಲ ತಿರುವಿಗೆ ನುಗ್ಗುವಾಗಿನ ಆರ್ಭಟ. ಆ ವರ್ಷ ಜೆರೆಮಿ ಮೆಕ್‌ಗ್ರಾತ್ ಹದಿನೈದು ಸೂಪರ್‌ಕ್ರಾಸ್ ರೇಸ್‌ಗಳಲ್ಲಿ ಹದಿನಾಲ್ಕನ್ನು ಗೆದ್ದ. ನಾನು ಅವನನ್ನು ಕಂಡದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು.

ಇದನ್ನು ನೆನಪಿಟ್ಟುಕೊಳ್ಳಿ. ನನ್ನ ತಪ್ಪಿನ ಬೇರು ಇಲ್ಲೇ ಇದೆ.

ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಗ್ಯಾರೇಜ್ ಇತ್ತು. ಆರ್‌ಎಕ್ಸ್ 100 ಗಾಡಿಗಳಿಗೆ ಬೋರ್ ಮಾಡಿಸಿ, ಜೆ.ಸಿ. ರಸ್ತೆಯಿಂದ ಪಿಸ್ಟನ್ ರಿಂಗ್ ತಂದು ಹಾಕುತ್ತಿದ್ದರು. ಅಲ್ಲಿ ಸ್ಪ್ಯಾನರ್ ಎತ್ತಿಕೊಡಲು ಹನ್ನೆರಡು ವರ್ಷದ ಒಬ್ಬ ಹುಡುಗನಿದ್ದ. ಕಾಲೇಜು ಮುಗಿಸಿ ಬಂದವನು ನಾನು ಅವನೊಡನೆ ಹರಟುತ್ತಾ ನಿಲ್ಲುತ್ತಿದ್ದೆ. ಭಾನುವಾರ ಅವನನ್ನು ಮನೆಗೆ ಕರೆದು ಆ ಮೂರು ಕ್ಯಾಸೆಟ್ ಹಾಕಿ ತೋರಿಸುತ್ತಿದ್ದೆ. ಅವನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತು ಸವಾರರ ಮೊಣಕಾಲುಗಳನ್ನೇ ನೋಡುತ್ತಿದ್ದ. “ಅಣ್ಣಾ, ಇವರು ಕೂರುವುದೇ ಇಲ್ಲವಲ್ಲ” ಎಂದು ಒಮ್ಮೆ ಕೇಳಿದ. ಆ ಕೆಟ್ಟ ಚಿತ್ರದಲ್ಲೂ ಅವನು ನೋಡಬೇಕಾದ್ದನ್ನೇ ನೋಡಿದ್ದ.

ಅಷ್ಟರಲ್ಲಿ ಕಾಲ ಬದಲಾಗತೊಡಗಿತು. 1997ರಲ್ಲಿ ಲಾಸ್ ವೇಗಸ್‌ನಲ್ಲಿ ಡಗ್ ಹೆನ್ರಿ ಯಮಹಾದ ಹೊಸ 400 ಸಿಸಿ ಫೋರ್-ಸ್ಟ್ರೋಕ್ ಗಾಡಿಯನ್ನು ತಂದು ಸೂಪರ್‌ಕ್ರಾಸ್ ಗೆದ್ದ. ಮರುವರ್ಷ ಅಂಥದೇ ಗಾಡಿ ಅಂಗಡಿಗೆ ಬಂತು, ಹೆನ್ರಿ ಅಮೆರಿಕದ ಮೋಟೊಕ್ರಾಸ್ ಪಟ್ಟವನ್ನೂ ಗೆದ್ದ. ನಿಯಮವೂ ಫೋರ್-ಸ್ಟ್ರೋಕ್ ಕಡೆಗೇ ವಾಲಿತ್ತು: 250 ಸಿಸಿ ಟು-ಸ್ಟ್ರೋಕ್ ಎದುರು 450 ಸಿಸಿ ಫೋರ್-ಸ್ಟ್ರೋಕ್ ಇಳಿಸಬಹುದಿತ್ತು. ಟು-ಸ್ಟ್ರೋಕ್‌ನ ಶಕ್ತಿ ಒಮ್ಮೆಲೇ ಸಿಡಿದು ಬರುತ್ತದೆ. ಫೋರ್-ಸ್ಟ್ರೋಕ್‌ನದು ಕೆಳಗಿನಿಂದ ಸಮನಾಗಿ ಬರುತ್ತದೆ, ಹಿಂದಿನ ಚಕ್ರ ಮಣ್ಣನ್ನು ಬಿಡುವುದಿಲ್ಲ. ಈ ನಿಯಮ ಅನ್ಯಾಯವಾಗಿತ್ತು ಎಂದು ಈಗಲೂ ಹೇಳುತ್ತೇನೆ. ಕಂಪನಿಯ ಬೆಂಬಲವಿಲ್ಲದ ಖಾಸಗಿ ಸವಾರನಿಗಂತೂ ಅದು ದೊಡ್ಡ ಪೆಟ್ಟು. ಟು-ಸ್ಟ್ರೋಕ್ ಗಾಡಿಗೆ ಶನಿವಾರ ರಾತ್ರಿ ಮನೆಯಲ್ಲೇ ಪಿಸ್ಟನ್ ಬದಲಿಸಿ ಭಾನುವಾರ ಓಡಿಸಬಹುದು. ಫೋರ್-ಸ್ಟ್ರೋಕ್‌ನಲ್ಲಿ ಒಂದು ವಾಲ್ವ್ ಮುರಿದು ಒಳಗೆ ಬಿದ್ದರೆ ಇಡೀ ಎಂಜಿನ್ನೇ ಹೋಗುತ್ತದೆ, ಜೊತೆಗೆ ಅವನ ಆ ವರ್ಷವೂ. ಹಿಂದಿನ ಕಾಲದ ಪರವಾಗಿ ನನ್ನಲ್ಲಿರುವ ಒಂದೇ ಗಟ್ಟಿ ವಾದ ಇದು, ಇದನ್ನು ಬಿಟ್ಟುಕೊಡುವುದಿಲ್ಲ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಸೋಮವಾರ ಸಂಜೆ ಬ್ರೌಸಿಂಗ್ ಸೆಂಟರ್‌ಗೆ ಹೋಗಿ ಅಮೆರಿಕದ ಫಲಿತಾಂಶಗಳನ್ನು ನೋಡಿ ಒಂದು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ. ಆಗ ಬಯಲು ಮೋಟೊಕ್ರಾಸ್ ಸರಣಿಯಲ್ಲಿ ಹನ್ನೆರಡು ಸುತ್ತು, ಸುತ್ತಿಗೆ ಎರಡು ಮೋಟೊ ಅಂದರೆ ಎರಡು ಓಟ, ಒಂದೊಂದೂ ಮೂವತ್ತು ನಿಮಿಷ ಮತ್ತು ಎರಡು ಲ್ಯಾಪ್. ಬೇಸಿಗೆಯ ಬಿಸಿಲಲ್ಲಿ, ಉಳುಮೆ ಮಾಡಿದ ಹೊಲದಂತಾದ ನೆಲದ ಮೇಲೆ ಇಪ್ಪತ್ತನಾಲ್ಕು ಸಲ ಹೀಗೆ ಓಡಿಸಬೇಕು. 2002ರಲ್ಲಿ ರಿಕಿ ಕಾರ್ಮೈಕಲ್ ಇಪ್ಪತ್ತನಾಲ್ಕನ್ನೂ ಗೆದ್ದ. ಗಾಡಿ ಹೋಂಡಾ ಸಿಆರ್250, ಟು-ಸ್ಟ್ರೋಕ್. ನನ್ನ ಪುಟದ ತುಂಬ ಒಂದು, ಒಂದು, ಒಂದು. ಆ ಪುಟದ ತಲೆಯಲ್ಲಿ “ಇಂಥ ಸವಾರ ಮತ್ತೆ ಹುಟ್ಟುವುದಿಲ್ಲ” ಎಂದು ಬರೆದೆ.

2004ರಲ್ಲಿ ಅದೇ ಕಾರ್ಮೈಕಲ್ ಮೊಣಕಾಲಿನ ಗಾಯದಿಂದ ಸೂಪರ್‌ಕ್ರಾಸ್ ಸರಣಿಯನ್ನೇ ತಪ್ಪಿಸಿಕೊಂಡು, ಬೇಸಿಗೆಗೆ ಸಿಆರ್‌ಎಫ್450 ಫೋರ್-ಸ್ಟ್ರೋಕ್ ಹತ್ತಿ ಬಂದ. ಮತ್ತೆ ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು. ನಾನು ಆ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬರೆದದ್ದು: “ಗಾಡಿ ಗೆದ್ದಿತು. ಇಲ್ಲಿಗೆ ಮುಗಿಯಿತು.”

ಅದೇ ಮನುಷ್ಯ, ಅದೇ ಸಾಧನೆ. 2002ರಲ್ಲಿ ಶ್ರೇಯಸ್ಸನ್ನು ಸವಾರನಿಗೆ ಕೊಟ್ಟೆ, 2004ರಲ್ಲಿ ಗಾಡಿಗೆ. ಎರಡೂ ಪುಟ ನನ್ನ ಕೈಬರಹದಲ್ಲೇ, ಒಂದೇ ನೋಟ್‌ಬುಕ್‌ನಲ್ಲಿ ಇದ್ದವು. ಹಿಂದಿನ ಪುಟ ತಿರುವಿ ನೋಡಿದ್ದರೆ ಸಾಕಿತ್ತು. ಎರಡು ಬೇರೆ ಬೇರೆ ಎಂಜಿನ್ ಮೇಲೆ ಒಬ್ಬನೇ ಹೀಗೆ ಗೆದ್ದ ಎಂದರೆ ಗೆಲುವು ಅವನ ಕಾಲುಗಳಲ್ಲಿದೆ, ಸೈಲೆನ್ಸರ್‌ನಲ್ಲಿ ಅಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ನಾನು ತಿರುವಲಿಲ್ಲ. ಏಕೆಂದರೆ ಈ ಕ್ರೀಡೆಯನ್ನು ಕಿವಿಯಿಂದ ಕಲಿತಿದ್ದೆ. ಹೊಸ ಗಾಡಿಯ ದಪ್ಪ ಗುಡುಗು ಕೇಳಿದಾಗ ನನ್ನದೇನೋ ಹೋಯಿತು ಎನ್ನಿಸಿತು. ಆ ದುಃಖವನ್ನೇ ತೀರ್ಪು ಎಂದುಕೊಂಡೆ. ಕೆಟ್ಟ ಚಿತ್ರದ ಕ್ಯಾಸೆಟ್ಟು ನನಗೆ ಕೊಟ್ಟದ್ದು ರೇಸಿನ ಒಂದು ಪಾಲು ಮಾತ್ರ. ಅದನ್ನೇ ಪೂರ್ತಿ ರೇಸ್ ಎಂದು ತಿಳಿದಿದ್ದೆ.

ಇನ್ನೊಂದು ಮಾತು. ನಾನು ಬಿಟ್ಟ ಮರುವರ್ಷ, 2005ರಲ್ಲಿ, ಕಾರ್ಮೈಕಲ್ ಸೂಪರ್‌ಕ್ರಾಸ್ ಪಟ್ಟ ಗೆದ್ದದ್ದು ಸುಜುಕಿಯ ಟು-ಸ್ಟ್ರೋಕ್ ಗಾಡಿಯ ಮೇಲೆ. ನಾನು ಯಾವುದಕ್ಕಾಗಿ ಅತ್ತೆನೋ ಅದು ಇನ್ನೂ ಓಡುತ್ತಿತ್ತು, ಗೆಲ್ಲುತ್ತಲೂ ಇತ್ತು. ನೋಡಲು ನಾನಿರಲಿಲ್ಲ.

ಅಮೆರಿಕದ ರೇಸ್‌ಗಳನ್ನು ಈಗ ಹುಡುಕಿ ನೋಡಬಹುದು. 2008ರಲ್ಲಿ ಜೇಮ್ಸ್ ಸ್ಟೂವರ್ಟ್ ಇಪ್ಪತ್ತನಾಲ್ಕೂ ಮೋಟೊ ಗೆದ್ದದ್ದನ್ನು ಹಾಗೆ ನೋಡಿದೆ. ಜಿಗಿತದ ಏರು ಮುಗಿಯುವ ಮೊದಲೇ ಗಾಡಿಯನ್ನು ಪಕ್ಕಕ್ಕೆ ಮಲಗಿಸಿ, ಗಾಳಿಯಲ್ಲಿ ಎತ್ತರಕ್ಕೆ ಹೋಗದೆ ನೆಲಕ್ಕೆ ಹತ್ತಿರವಾಗಿ ಹಾರಿ, ಉಳಿದವರು ಇನ್ನೂ ಮೇಲಿರುವಾಗಲೇ ಕೆಳಗಿಳಿದು ಆಕ್ಸಿಲರೇಟರ್ ತಿರುಗಿಸುವ ವಿದ್ಯೆ ಅವನದು. ಸ್ಕ್ರಬ್ ಎನ್ನುತ್ತಾರೆ. ಇಂದು ಅದನ್ನು ಮಾಡದ ವೃತ್ತಿಪರ ಸವಾರನಿಲ್ಲ. ಮೆಕ್‌ಗ್ರಾತ್ ಕಾಲದ ರೇಸ್‌ನಲ್ಲಿ ನಿಮಗೆ ಅದು ಸಿಗುವುದಿಲ್ಲ.

ಹುಡುಕಿದರೂ ಸಿಗದ್ದು ಬೇರೆ ಇದೆ. 2006ರಲ್ಲಿ ಆ ಗ್ಯಾರೇಜಿನ ಹುಡುಗ, ಆಗ ಇಪ್ಪತ್ತೆರಡು, ಸಾಲ ಮಾಡಿ ಒಂದು ಫೋರ್-ಸ್ಟ್ರೋಕ್ ಗಾಡಿ ಸಿದ್ಧಮಾಡಿಕೊಂಡು ಡರ್ಟ್ ರೇಸ್‌ಗೆ ಇಳಿದ. ಶುಕ್ರವಾರ ರಾತ್ರಿ ನಮ್ಮ ಮನೆಯ ಗೇಟಿನ ಬಳಿ ಬಂದು ನಿಂತ. “ಅಣ್ಣಾ, ಭಾನುವಾರ ಬನ್ನಿ. ಪಿಟ್ ಬೋರ್ಡ್ ಹಿಡಿಯಲು ನನಗೆ ಯಾರೂ ಇಲ್ಲ” ಎಂದ. ಪಿಟ್ ಬೋರ್ಡ್ ಎಂದರೆ ಎಷ್ಟನೆಯ ಸ್ಥಾನ, ಎಷ್ಟು ಲ್ಯಾಪ್ ಉಳಿದಿದೆ ಎಂದು ಸೀಮೆಸುಣ್ಣದಲ್ಲಿ ಬರೆದು ಟ್ರ್ಯಾಕ್ ಪಕ್ಕ ಎತ್ತಿ ಹಿಡಿಯುವ ಹಲಗೆ. ಹೆಲ್ಮೆಟ್ಟಿನೊಳಗಿರುವವನಿಗೆ ಹೊರಗಿನ ಲೋಕದಿಂದ ಸಿಗುವ ಸುದ್ದಿ ಅದೊಂದೇ. ನಾನು ಅವನಿಗೆ ಫೋರ್-ಸ್ಟ್ರೋಕ್ ಬಂದ ಮೇಲೆ ರೇಸ್‌ನಲ್ಲಿ ರುಚಿಯಿಲ್ಲ, ಅದನ್ನೆಲ್ಲ ಬಿಟ್ಟಿದ್ದೇನೆ ಎಂದೆ. ಅವನು ಸರಿ ಅಣ್ಣಾ ಎಂದು ಹೊರಟುಹೋದ. ಮೂರು ವರ್ಷ ಓಡಿಸಿದ, ಮತ್ತೆ ಕರೆಯಲಿಲ್ಲ. ಆಮೇಲೆ ಸಾಲ ತೀರಿಸಲು ಮಸ್ಕತ್‌ಗೆ ಹೋಗಿ ವರ್ಕ್‌ಶಾಪ್ ಸೇರಿದ. ಅವನ ಒಂದು ರೇಸ್ ಕೂಡ ಯಾವ ಮೊಬೈಲ್‌ನಲ್ಲೂ ಇಲ್ಲ. ಸವಾರರ ಮೊಣಕಾಲು ನೋಡಿ ಕಲಿತ ಹುಡುಗ ಹೇಗೆ ಓಡಿಸುತ್ತಿದ್ದ ಎಂಬುದು ನನಗೆ ಗೊತ್ತಿಲ್ಲ.

ಆ ವರ್ಷಗಳಲ್ಲೇ ಬೆಂಗಳೂರಿನ ಸಿ.ಎಸ್. ಸಂತೋಷ್ ಇದೇ ಮಣ್ಣಿನ ರೇಸ್‌ಗಳಿಂದ ಬೆಳೆದು, 2015ರಲ್ಲಿ ಮರುಭೂಮಿ ದಾಟುವ ದೂರದ ರೇಸ್ ಆದ ಡಾಕರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯನಾದರು. ಉಡುಪಿಯ ಕೆ.ಪಿ. ಅರವಿಂದ್ 2019ರ ಡಾಕರ್ ಮುಗಿಸಿದರು. ನಮ್ಮ ನಡುವಿನಿಂದಲೇ ಎದ್ದುಬಂದವರ ಸುದ್ದಿಯನ್ನು ನಾನು ಪತ್ರಿಕೆಯ ಕ್ರೀಡಾಪುಟದಲ್ಲಿ ಎರಡು ಸಾಲು ಓದಿ ಮಡಚಿಡುತ್ತಿದ್ದೆ.

2023ರ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅಮ್ಮ ಮಲಗಿದ್ದರೆಂದು ಅಕ್ಕನ ಮಗ ಶಬ್ದ ಪೂರ್ತಿ ತೆಗೆದು ಮೊಬೈಲ್‌ನಲ್ಲಿ ಏನೋ ನೋಡುತ್ತಿದ್ದ. “ಮಾವಾ, ಈ ಹುಡುಗನನ್ನು ನೋಡಿ” ಎಂದು ಫೋನ್ ನನ್ನ ಕೈಗಿತ್ತ. ಆಸ್ಟ್ರೇಲಿಯಾದ ಜೆಟ್ ಲಾರೆನ್ಸ್. ಜೀವನದಲ್ಲಿ ಮೊದಲ ಸಲ ಶಬ್ದವಿಲ್ಲದ ಮೋಟೊಕ್ರಾಸ್ ನೋಡಿದೆ. ಅವನ ತಲೆ ಅಲುಗುತ್ತಲೇ ಇರಲಿಲ್ಲ. ಕೆಳಗೆ ಗಾಡಿ ಕುದುರೆಯಂತೆ ಕುಣಿಯುತ್ತಿತ್ತು, ಮೊಣಕಾಲು ಸೊಂಟಗಳಲ್ಲಿ ಆ ಕುಣಿತವೆಲ್ಲ ಇಂಗಿಹೋಗುತ್ತಿತ್ತು, ಹೆಲ್ಮೆಟ್ ಮಾತ್ರ ದಾರದಲ್ಲಿ ಎಳೆದಂತೆ ನೇರವಾಗಿ ಸಾಗುತ್ತಿತ್ತು. ಎಲ್ಲರೂ ಇಳಿದ ಗುಂಡಿಯ ಸಾಲನ್ನು ಬಿಟ್ಟು, ಗೇಣಿನಷ್ಟು ಬದಿಗೆ ಇನ್ನೂ ಕೆಡದ ನೆಲವನ್ನು ಅವನು ಹುಡುಕಿಕೊಳ್ಳುತ್ತಿದ್ದ. 450 ಸಿಸಿ ವರ್ಗದಲ್ಲಿ ಅದು ಅವನ ಮೊದಲ ಬಯಲು ಸರಣಿ. ಹನ್ನೊಂದು ಸುತ್ತಿನ ಇಪ್ಪತ್ತೆರಡೂ ಮೋಟೊಗಳನ್ನು ಗೆದ್ದ.

ಮನೆಗೆ ಬಂದು ಅಟ್ಟದಿಂದ ಆ ನೋಟ್‌ಬುಕ್ ಇಳಿಸಿದೆ. ಲಾರೆನ್ಸ್ ಹುಟ್ಟಿದ್ದು 2003ರ ಆಗಸ್ಟ್‌ನಲ್ಲಿ. ನನ್ನ ಆ ಎರಡು ಪುಟಗಳ ನಡುವೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಳೆಯದೋ ಹೊಸದೋ ಎಂದು ಆರಿಸಿಕೊಳ್ಳುವ ಅಗತ್ಯವೇ ನಿಮಗಿಲ್ಲ. ಹಳೆಯ ಕಾಲದ ಮೇಲೆ ಯಾರಿಗಾದರೂ ಹಕ್ಕಿದ್ದರೆ ಅದು ಬೆಲ್ಜಿಯಂನ ರೋಜರ್ ಡಿ ಕೋಸ್ಟರ್‌ಗೆ. 1971ರಿಂದ 1976ರ ನಡುವೆ ಐದು ಸಲ 500 ಸಿಸಿ ವಿಶ್ವ ಚಾಂಪಿಯನ್ ಆದವರು. ಅವರು ಅಲ್ಲೇ ನಿಲ್ಲಲಿಲ್ಲ. 1981ರಲ್ಲಿ ಅಮೆರಿಕದ ತಂಡವನ್ನು, ದೇಶ ದೇಶಗಳ ತಂಡಗಳು ಸೆಣಸುವ ಮೋಟೊಕ್ರಾಸ್ ದೇ ನಾಸ್ಯೋಂ ಗೆಲುವಿಗೆ ಕೊಂಡೊಯ್ದರು, ಅಲ್ಲಿಂದ ಅಮೆರಿಕ ಸತತ ಹದಿಮೂರು ವರ್ಷ ಅದನ್ನು ಗೆದ್ದಿತು. ದಶಕಗಳ ನಂತರ ಫೋರ್-ಸ್ಟ್ರೋಕ್ ಯುಗದಲ್ಲೂ ತಂಡ ಕಟ್ಟಿ ಪಟ್ಟ ಗೆಲ್ಲಿಸಿದರು. ಆ ಎಂಜಿನ್ ಮೇಲೆ ಬೆವರು ಸುರಿಸಿದವರೇ ಮುಂದೆ ನಡೆದರು. ಕೇಳಿಸಿಕೊಂಡಿದ್ದ ನಾನು ಮುನಿಸಿಕೊಂಡು ಕೂತೆ. ಈಗ ವಿದ್ಯುತ್ ಮೋಟೊಕ್ರಾಸ್ ಗಾಡಿಗಳೂ ಬಂದಿವೆ. ನಾಳೆ ಅವೇ ಸಾಲಾಗಿ ನಿಂತರೂ ನಾನು ನೋಡುತ್ತೇನೆ.

ಹಳೆಯ ರೇಸ್ ನೋಡಬೇಕೆಂದಿದ್ದರೆ 2002ರದೊಂದು, 2004ರದೊಂದು, ಒಂದೇ ಟ್ರ್ಯಾಕಿನದು, ಶಬ್ದ ತೆಗೆದು ಬೆನ್ನುಬೆನ್ನಿಗೆ ನೋಡಿ. ಕಾರ್ಮೈಕಲ್‌ನ ಮೊಣಕೈ ಎಷ್ಟು ಎತ್ತರದಲ್ಲಿರುತ್ತದೆ, ತಿರುವಿನಲ್ಲಿ ಕಾಲು ಎಲ್ಲಿ ಚಾಚುತ್ತಾನೆ, ಬ್ರೇಕ್ ಹಿಡಿಯುವುದನ್ನು ಎಷ್ಟು ತಡಮಾಡುತ್ತಾನೆ ಎಂದು ಗಮನಿಸಿ. ಆಮೇಲೆ ಬೇಕಾದರೆ ಶಬ್ದ ಹಾಕಿಕೊಳ್ಳಿ. ಟು-ಸ್ಟ್ರೋಕ್ ಕೂಗು ಕೇಳಿದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಚಿಕ್ಕಜಾಲದಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನ ಮೊದಲ ಸೀಸನ್ನಿನ ಕೊನೆಯ ಸುತ್ತು ನಡೆದಾಗ ಹೋದೆ. 2014ರ ಎಂಎಕ್ಸ್2 (250 ಸಿಸಿ ವರ್ಗ) ವಿಶ್ವ ಚಾಂಪಿಯನ್, ಫ್ರಾನ್ಸ್‌ನ ಜೋರ್ಡಿ ಟಿಕ್ಸಿಯೆ ನಮ್ಮೂರ ಕೆಂಪು ಮಣ್ಣಿನಲ್ಲಿ ಓಡಿಸಿದ. ಮನೆಗೆ ಬಂದ ಮೇಲೆ ಮಸ್ಕತ್‌ಗೆ ಫೋನ್ ಮಾಡಿ ಆ ಗ್ಯಾರೇಜಿನ ಹುಡುಗನನ್ನು ಅವನ ಮೊದಲ ರೇಸ್ ಹೇಗಿತ್ತು ಎಂದು ಕೇಳಿದೆ. ಒಂದು ಗಂಟೆ ಹೇಳಿದ. ಬೋರ್ಡ್ ಇಲ್ಲದ್ದರಿಂದ ಕೊನೆಯ ಲ್ಯಾಪ್ ಎಂಬುದು ತನಗೆ ತಿಳಿಯಲಿಲ್ಲ, ಇನ್ನೊಂದಿದೆ ಎಂದುಕೊಂಡು ಶಕ್ತಿ ಉಳಿಸಿಕೊಂಡೆ, ನಾಲ್ಕನೆಯವನಾಗಿ ಬಂದೆ ಎಂದ.

ನಿಮ್ಮ ಊರಿನ ಸುತ್ತ ಎಲ್ಲಾದರೂ ಡರ್ಟ್ ರೇಸ್ ಇದ್ದರೆ ಬೆಳಗ್ಗೆ ಪ್ರಾಕ್ಟೀಸ್ ಹೊತ್ತಿಗೇ ಹೋಗಿ. ಜೊತೆಗೆ ಯಾರೂ ಇಲ್ಲದೆ ಬಂದ ಹುಡುಗರು ಅಲ್ಲಿ ಈಗಲೂ ಇರುತ್ತಾರೆ. ಕೇಳಿದರೆ ಪಿಟ್ ಬೋರ್ಡ್ ನಿಮ್ಮ ಕೈಗೆ ಕೊಡುತ್ತಾರೆ.