ಮಕ್ಕಳು ಶಾಲೆಗೆ ಹೋಗುವ ದಾರಿಯಿಂದಲೇ ಶುರು

(ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಗ್ರಾಮ ಪಂಚಾಯತೊಂದರ ವಾರ್ಡಿನಲ್ಲಿ ಸ್ವತಂತ್ರ ಅಭ್ಯರ್ಥಿಯಾಗಿ ನಿಂತಿರುವವರು ಕನ್ನಡ ಶಾಲೆಯ ನಿವೃತ್ತ ಅಧ್ಯಾಪಿಕೆ. ಶಾಲೆ, ಸುರಕ್ಷತೆ, ಊರಿನ ಒಗ್ಗಟ್ಟಿನ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಅವರು ಇಲ್ಲಿ ಉತ್ತರಿಸಿದ್ದಾರೆ.)

ಟೀಚರೇ, ಪಾಠ ಮಾಡಿಕೊಂಡಿದ್ದ ನಿಮಗೆ ಈಗ ಓಟು, ಪಂಚಾಯತ್ ಯಾಕೆ?
– ಓದುಗರೊಬ್ಬರು, ಬದಿಯಡ್ಕ

ನಿಮ್ಮ ಬದಿಯಡ್ಕದಲ್ಲೇ ನೋಡಿ. ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರು, ಕವಿ, ಕೃಷಿಕರು. ಪಂಚಾಯತಿನ ಅಧ್ಯಕ್ಷರೂ ಆಗಿದ್ದರು. ನಮ್ಮ ಕಡೆ ಮಾಸ್ಟ್ರು, ಟೀಚರು ಊರಿನ ಕೆಲಸಕ್ಕೆ ಇಳಿಯುವುದು ಹೊಸದಲ್ಲ.

ನನ್ನ ಕಾರಣ ಹೇಳುತ್ತೇನೆ. ಆಟಿಯ ಮಳೆ ಜೋರಾದ ದಿನ ಹಾಜರಿ ಕರೆದರೆ ತೋಡಿನ ಆಚೆ ಬದಿಯ ಮಕ್ಕಳು ಒಬ್ಬರೂ ಇರುತ್ತಿರಲಿಲ್ಲ. ಜ್ವರ ಅಲ್ಲ, ಸೋಮಾರಿತನವೂ ಅಲ್ಲ. ಸಂಕದ ಮೇಲೆ ನೀರು ಹೋಗುತ್ತಿತ್ತು. ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ, ಒಂದು ಬದಿಗೆ ಮಾತ್ರ ಬಿದಿರಿನ ಕೈತಾಂಗು. ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ಮಗುವಿನ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚಪ್ಪಲಿ. ಬಿದಿರು ಹಿಡಿದುಕೊಳ್ಳುವುದಕ್ಕೆ ಕೈ ಎಲ್ಲಿದೆ? ಕ್ಲಾಸಿನೊಳಗೆ ನಿಂತು ನಾನು ಎಷ್ಟು ಚೆನ್ನಾಗಿ ಪಾಠ ಮಾಡಿದರೂ ಆ ಸಂಕ ಸರಿಯಾಗುವುದಿಲ್ಲ. ಅದನ್ನು ಮಾಡಬೇಕಾದ್ದು ಪಂಚಾಯತ್. ಅದಕ್ಕೇ ನಿಂತಿದ್ದೇನೆ. ಗೆದ್ದರೆ ಮೊದಲ ಯೋಜನೆಯಲ್ಲೇ ಕಾಂಕ್ರೀಟ್ ಕಾಲುಸಂಕ, ಎರಡೂ ಬದಿಗೆ ಕಬ್ಬಿಣದ ಕೈತಾಂಗು. ಇದನ್ನೇ ಮನೆ ಮನೆಗೂ ಹೇಳುತ್ತಿದ್ದೇನೆ.

ನಮ್ಮ ಕನ್ನಡ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ನಾನೂ ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸೋಣ ಅಂತಿದ್ದೇನೆ. ತಪ್ಪಾ?
– ಒಬ್ಬ ತಾಯಿ, ಪೈವಳಿಕೆ

ತಪ್ಪು ಅಂತ ಹೇಳುವುದಕ್ಕೆ ನಾನ್ಯಾರು ಅಕ್ಕಾ? ಇಂಗ್ಲಿಷ್ ಮೀಡಿಯಂನ ಬಸ್ಸು ನಿಮ್ಮ ಅಂಗಳದ ತನಕ ಬರುತ್ತದೆ. ನಮ್ಮ ಶಾಲೆಗಾದರೆ ಮಗು ಗುಡ್ಡೆ ಇಳಿದು, ತೋಡು ದಾಟಿ, ಬೈಲಿನ ಬದುವಿನಲ್ಲಿ ನಡೆದು ಬರಬೇಕು. ಐದು ವರ್ಷದ ಮಗುವನ್ನು ಹಾಗೆ ಕಳಿಸಲು ಯಾವ ತಾಯಿಗೆ ಧೈರ್ಯ ಬರುತ್ತದೆ? "ಕನ್ನಡದ ಮೇಲೆ ಅಭಿಮಾನ ಇಲ್ಲ" ಅಂತ ಹೆತ್ತವರನ್ನು ಬೈಯುವ ಭಾಷಣ ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಮೊದಲು ದಾರಿ ಸರಿ ಮಾಡಿ, ಆಮೇಲೆ ಅಭಿಮಾನದ ಮಾತಾಡೋಣ.

ಕೇರಳದಲ್ಲಿ ಸರಕಾರಿ ಪ್ರೈಮರಿ ಶಾಲೆಯ ಹೊಣೆ ಗ್ರಾಮ ಪಂಚಾಯತಿನದ್ದು. ಹೈಸ್ಕೂಲು ಜಿಲ್ಲಾ ಪಂಚಾಯತಿಗೆ ಸೇರುತ್ತದೆ. ಅಂದರೆ ಮಾಡು ಸೋರಿದರೆ, ಶೌಚಾಲಯದ ಬಾಗಿಲು ಮುರಿದರೆ, ಕುಡಿಯುವ ನೀರು ಇಲ್ಲದಿದ್ದರೆ ಕೇಳಬೇಕಾದ್ದು ನಮ್ಮನ್ನೇ. ಸಂವಿಧಾನದ 350ಎ ವಿಧಿಯೂ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರೈಮರಿ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಲು ರಾಜ್ಯ ಮಾತ್ರ ಅಲ್ಲ, ಸ್ಥಳೀಯ ಸಂಸ್ಥೆಗಳೂ ಶ್ರಮಿಸಬೇಕು ಅಂತ ಅದು ಹೇಳುತ್ತದೆ. ಸ್ಥಳೀಯ ಸಂಸ್ಥೆ ಅಂದರೆ ಪಂಚಾಯತೇ ಅಲ್ವಾ? ಆ ವಿಧಿ ಬಂದದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ಅದೇ ವರ್ಷ. ಪಂಚಾಯತಿನ ಸಭೆಯಲ್ಲಿ ಇದನ್ನು ಓದಿ ಹೇಳುವ ಮೆಂಬರ್ ಒಬ್ಬರಾದರೂ ಬೇಕು.

ನಿಮಗೆ ನನ್ನ ಸಲಹೆ ಇಷ್ಟೇ. ಒಂದು ದಿನ ಶಾಲೆಗೆ ಹೋಗಿ ಕೂತು ನೋಡಿ. ಒಂದನೇ ಕ್ಲಾಸಿನ ಮಗು ತನ್ನ ಭಾಷೆಯಲ್ಲಿ ಪ್ರಶ್ನೆ ಕೇಳುವುದನ್ನು ನೋಡಿ. ಇಂಗ್ಲಿಷ್ ಚೆನ್ನಾಗಿ ಕಲಿಸಬೇಕು ಅಂತ ಹಟ ಹಿಡಿಯಿರಿ, ನಾನೂ ಹಿಡಿಯುತ್ತೇನೆ. ಮಕ್ಕಳನ್ನು ಕರೆತರಲು ವಾಹನ, ಶಾಲೆಯಲ್ಲೇ ಪ್ರೀ-ಪ್ರೈಮರಿ ಎರಡೂ ಆಗಬೇಕು. ಇಷ್ಟಾದ ಮೇಲೆ ನಿಮ್ಮ ತೀರ್ಮಾನ ನಿಮ್ಮದು.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಹಾಕುತ್ತಾರೆ. ಇದನ್ನು ನಿಲ್ಲಿಸುತ್ತೀರಾ?
– ಹೆತ್ತವರೊಬ್ಬರು, ಕುಂಬಳೆ

ನಾನೊಬ್ಬಳೇ ನಿಲ್ಲಿಸುತ್ತೇನೆ ಅಂದರೆ ಅದು ಸುಳ್ಳಾಗುತ್ತದೆ. ಸರಕಾರಿ ಶಾಲೆಯ ನೇಮಕ ಮಾಡುವುದು ಪಿಎಸ್‌ಸಿ (ಲೋಕಸೇವಾ ಆಯೋಗ), ಪಂಚಾಯತ್ ಅಲ್ಲ. ಆದರೆ ಕೈಕಟ್ಟಿ ಕೂರಬೇಕಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೇ ಇರಬೇಕು. ಆ ಸಮಿತಿ ಮಿನಿಟ್ಸ್ ಬರೆದು, ಗ್ರಾಮಸಭೆ ಠರಾವು ಮಾಡಿ, ಪಂಚಾಯತ್ ಅದನ್ನು ಶಿಕ್ಷಣ ಇಲಾಖೆಗೆ ಕಳಿಸಿದರೆ ಆ ಕಾಗದಕ್ಕೆ ತೂಕ ಬರುತ್ತದೆ. ಲೆಕ್ಕದ ಪಾಠ ಅರ್ಥವಾಗದೆ ಮಗು ಬಾಯಿಪಾಠ ಮಾಡುತ್ತಿದ್ದರೆ ಅದನ್ನೂ ಆ ಮಿನಿಟ್ಸಿನಲ್ಲಿ ಬರೆಯಿಸಿ. ಬಂದ ಅಧ್ಯಾಪಕರ ಮೇಲೆ ಮಾತ್ರ ಹರಿಹಾಯಬೇಡಿ. ಆದೇಶ ಬಂತು, ಅವರು ಬಂದರು. ನಮ್ಮ ಜಗಳ ಹುದ್ದೆ ತುಂಬುವ ಕ್ರಮದ ಜೊತೆ.

ಶಾಲೆ ಶಾಲೆ ಅಂತ ಎಲ್ಲರೂ ಹೇಳುತ್ತಾರೆ. ನಡೆಯಲು ಬಾರದ ನನ್ನ ಮಗನ ಮಾತು ಯಾರೂ ಎತ್ತುವುದಿಲ್ಲ.
– ಒಬ್ಬ ತಾಯಿ, ಎಣ್ಮಕಜೆ

ಅಕ್ಕಾ, ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನಿಮ್ಮ ಎಣ್ಮಕಜೆಯಂಥ ಊರುಗಳ ಮಕ್ಕಳನ್ನು ಕಾಡಿದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸುವುದು ನಿಂತದ್ದು 2000ದಲ್ಲಿ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ 2017ರಲ್ಲಿ ಹೇಳಿತು. ಇದೆಲ್ಲ ಪೇಪರಿನಲ್ಲಿ ಬಂತು. ಬೆಳಿಗ್ಗೆ ಮಗನನ್ನು ಎತ್ತಿಕೊಂಡು ರಸ್ತೆ ತನಕ ಬರುವ ನಿಮ್ಮ ಸೊಂಟನೋವು ಯಾವ ಪೇಪರಿನಲ್ಲೂ ಬರಲಿಲ್ಲ.

ಇಂಥ ಮಕ್ಕಳಿಗೆಂದೇ ಇರುವ ವಿಶೇಷ ಶಾಲೆ, ಅಂದರೆ ಬಡ್ಸ್ ಶಾಲೆ, ಪಂಚಾಯತಿನದ್ದೇ. ಹಾಗಾಗಿ ಅದು ಮೆಂಬರ್ ಕೆಲಸ. ಕಟ್ಟಡ ಉದ್ಘಾಟನೆ ಆಗಿ ಫೋಟೋ ಬಂದರೆ ಸಾಲದು. ಮನೆ ತನಕ ಬರುವ ವಾಹನ ಬೇಕು, ಮಗುವನ್ನು ಎತ್ತಿ ಕೂರಿಸಲು ಆಯಾ ಬೇಕು, ಫಿಸಿಯೋಥೆರಪಿ ಮಾಡುವವರು ತಪ್ಪದೆ ಬರಬೇಕು. ವಾಹನ ಬಾರದ ಗುಡ್ಡೆ ಮನೆಗಳಿಗೆ ಮೊದಲು ರಸ್ತೆ ಆಗಬೇಕು. ರಸ್ತೆಗಳ ಪಟ್ಟಿ ಮಾಡುವಾಗ ಯಾರ ಮನೆಯಲ್ಲಿ ಕಾರು ಇದೆ ಅಂತ ಅಲ್ಲ, ಯಾರ ಮನೆಯಲ್ಲಿ ಎದ್ದು ನಡೆಯಲಾಗದವರು ಇದ್ದಾರೆ ಅಂತ ನೋಡಬೇಕು. ನನ್ನ ವಾರ್ಡಿನಲ್ಲಿ ಹಾಗೇ ಆಗುತ್ತದೆ.

ಮುರಕಲ್ಲಿನ ಕೋರೆಗಳಲ್ಲಿ ಮಳೆನೀರು ತುಂಬಿ ಕೆರೆ ಥರ ಆಗಿದೆ. ಮಕ್ಕಳು ಈಜಲು ಹೋಗುತ್ತಾರೆ. ಭಯ ಆಗುತ್ತದೆ.
– ಓದುಗರೊಬ್ಬರು, ಪುತ್ತಿಗೆ

ಭಯಪಡಬೇಕಾದ್ದೇ. ಕೆರೆಗೆ ಮೆಟ್ಟಿಲಿರುತ್ತದೆ, ದಂಡೆ ಇಳಿಜಾರಾಗಿರುತ್ತದೆ. ಕೋರೆಯಲ್ಲಿ ಕಲ್ಲನ್ನು ಯಂತ್ರದಲ್ಲಿ ನೇರ ಕೊಯ್ದಿರುತ್ತಾರೆ. ಗೋಡೆ ನೆಟ್ಟಗೆ ಕೆಳಗೆ ಹೋಗಿರುತ್ತದೆ. ಮೇಲೆ ಬರಲು ಹಿಡಿತ ಸಿಗುವುದಿಲ್ಲ. ನೀರು ಕೆಂಪಗೆ ಕದಡಿರುವುದರಿಂದ ಆಳವೂ ತಿಳಿಯುವುದಿಲ್ಲ. ಈಜು ಬರುವ ಹುಡುಗನೂ ಸೋತುಹೋಗುತ್ತಾನೆ.

ಕಲ್ಲು ತೆಗೆಯಲು ಅನುಮತಿ ಕೊಡುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ಪಂಚಾಯತಿನ ಲೈಸೆನ್ಸೂ ಬೇಕು. ಆ ಲೈಸೆನ್ಸ್ ಹೊತ್ತಿನಲ್ಲೇ ಬೇಲಿಯ ಮಾತು, ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚುವ ಮಾತು ಗಟ್ಟಿಯಾಗಿ ಆಗಬೇಕು. ಬಿಟ್ಟುಹೋದ ಹಳೇ ಕೋರೆಗಳ ಪಟ್ಟಿ ಮಾಡಿ ಕಲೆಕ್ಟರಿಗೆ ಕೊಡಬೇಕು. ಬೇಲಿ ಬರುವ ತನಕ ಶಾಲೆಗಳಲ್ಲಿ ಮಕ್ಕಳಿಗೆ ಒಂದು ಮಾತು ಕಲಿಸೋಣ: ಯಾರಾದರೂ ಮುಳುಗುತ್ತಿದ್ದರೆ ನೀನು ಹಾರಬೇಡ, ಹಗ್ಗವೋ ಉದ್ದದ ಕೋಲೋ ಚಾಚು, ಬೊಬ್ಬೆ ಹಾಕಿ ದೊಡ್ಡವರನ್ನು ಕರೆ. ಒಬ್ಬನನ್ನು ಎಳೆಯಲು ಹೋಗಿ ಇನ್ನೊಬ್ಬ ಹೋಗುವುದು ನಮ್ಮ ಕಡೆ ಜಾಸ್ತಿ.

ಬೀದಿ ನಾಯಿ ಕಾಟ?
– ಓದುಗರೊಬ್ಬರು, ಉಪ್ಪಳ

ಸಂತಾನಹರಣ ಮತ್ತು ರೇಬೀಸ್ ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ, ಅದನ್ನು ಬಿಡದೆ ಮಾಡಿಸುತ್ತೇನೆ. ಮಾಂಸದ ಕಸ ರಸ್ತೆ ಬದಿಗೆ ಎಸೆಯುವುದೂ ನಿಲ್ಲಬೇಕು. ಕಚ್ಚಿದರೆ ಮಾತ್ರ ಮನೆಮದ್ದು ಬೇಡ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ನಮ್ಮ ಮನೆಮಾತು ಮಲಯಾಳ. ನೀವು ಕನ್ನಡ, ಕನ್ನಡ ಅನ್ನುತ್ತೀರಿ. ಗೆದ್ದರೆ ನಮಗೂ ಮೆಂಬರ್ ಆಗಿರುತ್ತೀರಾ?
– ನಿಮ್ಮ ವಾರ್ಡಿನ ಮತದಾರ

ಖಂಡಿತ ಅಣ್ಣಾ. ನೇರವಾಗಿ ಕೇಳಿದಿರಿ, ಸಂತೋಷ. ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಆಡುವ ಮಕ್ಕಳೆಲ್ಲ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಕನ್ನಡಕ್ಕೆ ಅದರ ಹಕ್ಕು ಸಿಗಲಿ ಅಂದರೆ ನಿಮ್ಮ ಮಾತನ್ನು ದೂರ ಇಡಿ ಅಂತ ಅರ್ಥ ಅಲ್ಲ.

ಮಳೆ ಬಿಟ್ಟ ಮೇಲೆ ತೋಡಿಗೆ ಕಟ್ಟ ಕಟ್ಟುತ್ತೇವಲ್ಲ, ಆಗ ನೀವೂ ಬಂದಿದ್ದೀರಿ. ಕಲ್ಲು ಇಡುವವರು ಒಬ್ಬರು, ಮಣ್ಣು ಮೆಟ್ಟುವವರು ಒಬ್ಬರು, ಚಾ ತರುವ ಮನೆ ಇನ್ನೊಂದು. ನೀರು ನಿಂತರೆ ಎಲ್ಲರ ಬಾವಿಯಲ್ಲೂ ಏರುತ್ತದೆ. ಗ್ರಾಮಸಭೆಯೂ ಹಾಗೆ ಎಲ್ಲರದ್ದೂ ಆಗಬೇಕು. ನೋಟೀಸು ಕನ್ನಡ, ಮಲಯಾಳ ಎರಡರಲ್ಲೂ ಬರಲಿ. ಮಾತು ತುಳುವಿನಲ್ಲಿ ಆದರೂ ಮಿನಿಟ್ಸಿನಲ್ಲಿ ಸೇರಲಿ. ಈಗ ಕೋರಂಗೆ ಬೇಕಾದ ಶೇಕಡಾ 10 ಮಂದಿ ಸೇರುವುದೇ ಕಷ್ಟ. ಕೆಲಸಕ್ಕೆ ಹೋಗುವವರು ಬರುವಂತೆ ಭಾನುವಾರ ಮಧ್ಯಾಹ್ನ ಇಡೋಣ. ಮೆಂಬರ್ ಸಭೆ ಕರೆಯದಿದ್ದರೆ ಶೇಕಡಾ 10 ಮತದಾರರು ಸಹಿ ಹಾಕಿ ವಿಶೇಷ ಸಭೆ ಕೇಳಬಹುದು. ನಾನು ಗೆದ್ದು ಸುಮ್ನೆ ಕೂತರೆ ನನ್ನ ಮೇಲೂ ಇದನ್ನೇ ಪ್ರಯೋಗಿಸಿ.

ಸರಕಾರಿ ಆಫೀಸಿಗೆ ಅರ್ಜಿ ಕನ್ನಡದಲ್ಲಿ ಬರೆದರೆ ನಡೆಯುತ್ತದಾ?
– ಹಿರಿಯ ಓದುಗರು, ಮೀಯಪದವು

ನಡೆಯುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕೌಂಟರಿನಲ್ಲಿ "ಮಲಯಾಳದಲ್ಲಿ ಬರೆದು ತನ್ನಿ" ಅಂದರೆ ಜಗಳ ಮಾಡಬೇಡಿ, ವಾಪಸೂ ಬರಬೇಡಿ. ಅರ್ಜಿಯ ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳಿ. ಆ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಂಡು ಮುಂದಿನ ಗ್ರಾಮಸಭೆಗೆ ತನ್ನಿ.