ಅಹಮದಾಬಾದಿನ ಜಾಮಾ ಮಸೀದಿ: ಕಮಾನಿನ ಹಿಂದೆ ಕಂಬಗಳ ಸಾಲು

ಪ್ರಶ್ನೆ: ಕುಟುಂಬದೊಂದಿಗೆ ಅಹಮದಾಬಾದಿಗೆ ಹೋಗಲಿದ್ದೇವೆ. ಅಲ್ಲಿನ ಜಾಮಾ ಮಸೀದಿಯಲ್ಲಿ ದೇವಾಲಯಗಳ ಶಿಲ್ಪಶೈಲಿಯೂ ಇಸ್ಲಾಮಿ ವಾಸ್ತುಶೈಲಿಯೂ ಬೆರೆತಿವೆ ಎಂದು ಓದಿದ್ದೇನೆ. ನಮ್ಮಂತಹ ಸಾಮಾನ್ಯರು ಇದನ್ನು ಗುರುತಿಸುವುದು ಹೇಗೆ? ಕಂಬಗಳೆಲ್ಲ ಹಳೆಯ ದೇವಾಲಯಗಳಿಂದ ತಂದವೇ? ಮುಸ್ಲಿಮರಲ್ಲದವರಿಗೆ ಪ್ರವೇಶವಿದೆಯೇ?

ಉತ್ತರ: ಪ್ರವೇಶವಿದೆ. ನಮಾಜಿನ ಹೊತ್ತನ್ನು, ಅದರಲ್ಲೂ ಶುಕ್ರವಾರದ ಮಧ್ಯಾಹ್ನವನ್ನು ಬಿಟ್ಟು ಹೋಗಿ. ನಗರವನ್ನು ಸ್ಥಾಪಿಸಿದ ಸುಲ್ತಾನ ಒಂದನೆಯ ಅಹ್ಮದ್ ಷಾನ ಕಾಲದಲ್ಲಿ, 1424ರಲ್ಲಿ ಪೂರ್ಣಗೊಂಡ ಈ ಮಸೀದಿಯಲ್ಲಿ ಇಂದಿಗೂ ನಿತ್ಯ ಪ್ರಾರ್ಥನೆ ನಡೆಯುತ್ತದೆ ಎಂಬುದನ್ನು ಪ್ರವಾಸಿಗರು ಮರೆಯಬಾರದು.

ಬೆರಕೆಯನ್ನು ಗುರುತಿಸಲು ಅಂಗಳದ ನಡುವಿನ ನೀರಿನ ಕೊಳದ ಬಳಿ ನಿಂತು ಪಶ್ಚಿಮಕ್ಕೆ ನೋಡಿ. ಎದುರಿಗೆ ಹಳದಿ ಮರಳುಗಲ್ಲಿನ ಎತ್ತರದ ಗೋಡೆ, ಅದರ ನಡುವೆ ದೊಡ್ಡದೊಂದು ಚೂಪುಕಮಾನು ಕಾಣುತ್ತವೆ. ಆ ಕಮಾನಿನೊಳಗೆ ದೃಷ್ಟಿ ಹಾಯಿಸಿದರೆ ಕಾಣುವುದು ಸಾಲುಸಾಲು ಕಂಬಗಳು. ಅವುಗಳ ತಲೆಯ ಮೇಲೆ ಬೋದಿಗೆ, ಅಂದರೆ ತೊಲೆಯನ್ನು ಹೊರುವ ಚಾಚುಗಲ್ಲು; ಬೋದಿಗೆಯ ಮೇಲೆ ಅಡ್ಡ ತೊಲೆ. ಕಮಾನಿನಲ್ಲಿ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದು ಭಾರವನ್ನು ಪಕ್ಕಕ್ಕೆ ದಾಟಿಸುತ್ತವೆ; ಕಂಬ ಮತ್ತು ತೊಲೆಯ ಕಟ್ಟಡದಲ್ಲಿ ಭಾರವು ನೇರವಾಗಿ ಕೆಳಕ್ಕಿಳಿಯುತ್ತದೆ. ಮೊದಲನೆಯದು ಸುಲ್ತಾನರೊಂದಿಗೆ ಬಂದ ಕ್ರಮ, ಎರಡನೆಯದು ಗುಜರಾತಿನ ಶಿಲ್ಪಿಗಳು ತಲೆಮಾರುಗಳಿಂದ ದೇವಾಲಯಗಳಲ್ಲಿ ಪಳಗಿಸಿಕೊಂಡಿದ್ದ ಕ್ರಮ. ಎರಡೂ ಇಲ್ಲಿ ಕರಗಿ ಒಂದಾಗಿಲ್ಲ, ಕೆಲವೇ ಹೆಜ್ಜೆಗಳ ಅಂತರದಲ್ಲಿ ಒಂದರ ಹಿಂದೊಂದು ನಿಂತಿವೆ. ಈ ಮಸೀದಿಯ ಸೊಗಸು ಇರುವುದೇ ಅಲ್ಲಿ ಎಂಬುದು ನನ್ನ ಅಭಿಪ್ರಾಯ.

ಒಳಗಿನ ಹಜಾರದಲ್ಲಿ ಸುಮಾರು 260 ಕಂಬಗಳಿವೆ. ನಡುಭಾಗವು ಉಳಿದ ಚಾವಣಿಗಿಂತ ಎತ್ತರಕ್ಕೆ ಅಂತಸ್ತುಗಳಾಗಿ ಏರುತ್ತದೆ. ಅಲ್ಲಿನ ಮೊಗಸಾಲೆಗಳ ಅಂಚು ದೇವಾಲಯದ ಕಕ್ಷಾಸನದಂತೆ (ಮಂಟಪದ ಅಂಚಿನ ಒರಗುಗಲ್ಲಿನ ಆಸನದಂತೆ) ಹೊರಕ್ಕೆ ಬಾಗಿದೆ, ಜಾಲಂಧ್ರಗಳಿಂದ, ಅಂದರೆ ಕಲ್ಲಿನ ಜಾಲರಿ ಕಿಟಕಿಗಳಿಂದ ಸೋಸಿದ ಬೆಳಕು ಮಾತ್ರ ಕೆಳಕ್ಕಿಳಿಯುತ್ತದೆ. ಬಿಸಿಲ ನಾಡಿಗೆ ಇದಕ್ಕಿಂತ ಜಾಣ ಏರ್ಪಾಡು ಬೇಕಿಲ್ಲ. ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿದರೆ, ವರ್ತುಲದ ಮೇಲೆ ವರ್ತುಲವಾಗಿ ಒಳಕ್ಕೆ ಚಾಚಿಕೊಂಡ ಕಲ್ಲುಗಳ ಕೆತ್ತನೆ ದೇವಾಲಯದ ಭುವನೇಶ್ವರಿಯನ್ನೇ, ಅಂದರೆ ಕೆತ್ತನೆಯ ಒಳಚಾವಣಿಯನ್ನೇ ನೆನಪಿಸುತ್ತದೆ. ದೊಡ್ಡ ಕಮಾನಿನ ಎರಡೂ ಬದಿಗೆ ಮಿನಾರುಗಳ ಬುಡ ಉಳಿದಿದೆ. 1819ರ ಭೂಕಂಪದಲ್ಲಿ ಇವುಗಳ ಮೇಲ್ಭಾಗ ಉರುಳಿತು. ಆ ಬುಡದ ಪಟ್ಟಿಕೆಗಳನ್ನು ಹತ್ತಿರದಿಂದ ನೋಡಿ: ದೇವಾಲಯದ ಹೊರಗೋಡೆಯ ಹಾಗೆಯೇ ಮಡಿಕೆ ಮಡಿಕೆಯಾಗಿ ಏರುತ್ತವೆ, ಆದರೆ ಗೂಡುಗಳಲ್ಲಿ ಮೂರ್ತಿಗಳಿರಬೇಕಾದ ಜಾಗವನ್ನು ಬಳ್ಳಿ, ಹೂವುಗಳ ಕೆತ್ತನೆ ತುಂಬಿದೆ.

ಕಂಬಗಳ ವಿಷಯದಲ್ಲಿ ಅವಸರದ ತೀರ್ಮಾನ ಬೇಡ. ಗುಜರಾತಿನದೇ ಹಳೆಯ ಬಂದರು ಖಂಭಾತಿನ 1325ರ ಜಾಮಾ ಮಸೀದಿಯಲ್ಲಿ ಹಳೆಯ ದೇವಾಲಯಗಳ ಭಾಗಗಳನ್ನು ಬಳಸಿರುವುದು ನಿಜ. ಅಹಮದಾಬಾದಿನಲ್ಲಿಯೇ ಭದ್ರ ಕೋಟೆಯ ಬಳಿಯಿರುವ ಅಹ್ಮದ್ ಷಾನ ಹಳೆಯ ಮಸೀದಿಯಲ್ಲಿಯೂ ಅಂತಹ ಕಂಬಗಳು ಕಾಣಸಿಗುತ್ತವೆ. ಜಾಮಾ ಮಸೀದಿಯ ಕಥೆ ಬೇರೆ. ಇಷ್ಟು ದೊಡ್ಡ ಹಜಾರದ ಉದ್ದಕ್ಕೂ ಅಳತೆ, ಅಂತರಗಳು ಹೊಂದಿಕೊಂಡಿರುವುದನ್ನು ಗಮನಿಸಿದರೆ, ಇದನ್ನು ಮಸೀದಿಯೆಂದೇ ಯೋಜಿಸಿ ಸ್ಥಳೀಯ ಶಿಲ್ಪಿಗಳು ಕೆತ್ತಿ ನಿಲ್ಲಿಸಿದರೆಂಬುದು ಸ್ಪಷ್ಟವಾಗುತ್ತದೆ. ದೇವಾಲಯದಂತೆ ಕಂಡದ್ದೆಲ್ಲ ದೇವಾಲಯದಿಂದಲೇ ಬಂದಿರಬೇಕೆಂದೇನೂ ಇಲ್ಲ. ಕೈ ಅದೇ ಆಗಿದ್ದಾಗ ಕೆಲಸವೂ ಹಾಗೆಯೇ ಕಾಣುತ್ತದೆ.

ಹಜಾರ ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಿಗ್ಗೆ ಹೋಗುವುದು ಒಳ್ಳೆಯದು; ಆಗ ಎದುರುಗೋಡೆಯ ಮೇಲೆ ನೇರ ಬಿಸಿಲು ಬೀಳುತ್ತದೆ, ಪಾದರಕ್ಷೆ ಬಿಟ್ಟು ನಡೆಯುವವರಿಗೆ ಅಂಗಳದ ಹಾಸುಗಲ್ಲು ಸುಡುವುದೂ ಇಲ್ಲ. ತೋಳು, ಮೊಣಕಾಲು ಮುಚ್ಚುವ ಉಡುಪು ಇರಲಿ, ಹೆಂಗಸರು ತಲೆಗೆ ಹೊದೆಯಲು ಒಂದು ದುಪಟ್ಟಾ ಇಟ್ಟುಕೊಳ್ಳಲಿ. ಪ್ರಾರ್ಥಿಸುತ್ತಿರುವವರ ಮುಂದಿನಿಂದ ಹಾದುಹೋಗಬೇಡಿ, ಅವರ ಚಿತ್ರವನ್ನೂ ತೆಗೆಯಬೇಡಿ. ಪೂರ್ವದ ಬಾಗಿಲಿನಿಂದ ಹೊರಬಂದರೆ ಅಹ್ಮದ್ ಷಾನ ಗೋರಿ ಸಿಗುತ್ತದೆ. ಅದರ ನಡುಕೋಣೆಗೆ ಹೆಂಗಸರನ್ನು ಬಿಡುವ ವಾಡಿಕೆ ಇಲ್ಲವೆಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿರಿ.